ಒಂಬತ್ತು ಮಿಲಿಸೆಕೆಂಡಿನ ದಾರಿ

ಅರಸೀಕೆರೆಯ ಒಂದು ಕೇಬಲ್ ಇಂಟರ್ನೆಟ್ ಕಂಪನಿಯ ಮಹಡಿ ಕೋಣೆಯಲ್ಲಿ ಲತಾಮಣಿ ಕೂರಲು ತೊಡಗಿ ಹನ್ನೊಂದು ವರ್ಷ. ಓದಿದ್ದು ಬಿ.ಎಸ್ಸಿ., ಭೌತಶಾಸ್ತ್ರ. ಅಪ್ಪ ಮರಿಯಣ್ಣ ಅದೇ ಕಂಪನಿಗೆ ಕಂಬ ಹತ್ತಿ ತಂತಿ ಎಳೆದವನು. ಮಗಳು ಆ ತಂತಿಗಳಲ್ಲಿ ಯಾವುದು ಯಾವ ದಾರಿ ಹಿಡಿಯಬೇಕೆಂದು ತೀರ್ಮಾನಿಸುವವಳು.

ಮೊದಲೆಲ್ಲ ಒಂದೊಂದು ಊರಿನ ರೂಟರ್ ಪೆಟ್ಟಿಗೆಯೂ ತನಗೆ ತೋಚಿದತ್ತ ದಾರಿ ತೋರುತ್ತಿತ್ತು. ಕಳೆದ ವರ್ಷ ಅವಳು ಆ ಅಧಿಕಾರ ಕಿತ್ತು ಒಂದೇ ಸಾಫ್ಟ್‌ವೇರಿಗೆ ಕೊಟ್ಟಳು. ಅದು ಎಲ್ಲ ದಾರಿಗಳನ್ನೂ ಒಟ್ಟಿಗೆ ನೋಡಿ, ಬೇಗ ಮುಟ್ಟುವುದನ್ನು ಆರಿಸುತ್ತಿತ್ತು. ಮಾದಿಹಳ್ಳಿಯಿಂದ ಅರಸೀಕೆರೆಗೆ ಹಳೇಬೀಡು, ಜಾವಗಲ್ ಮೇಲೆ ಬಂದರೆ ಒಂಬತ್ತು ಮಿಲಿಸೆಕೆಂಡು. ಬೇಲೂರು, ಹಾಸನ ಸುತ್ತಿದರೆ ಮೂವತ್ತೊಂದು. ಆ ಒಂಬತ್ತನ್ನು ಅವಳು ನೆಂಟರ ಮುಂದೆಯೂ ಹೇಳಿಕೊಳ್ಳುತ್ತಿದ್ದಳು.

ಆಷಾಢದ ಒಂದು ಬೆಳಿಗ್ಗೆ ಮಾದಿಹಳ್ಳಿಯ ಗಿರಾಕಿ ಸಾವಿತ್ರಮ್ಮನ ಮಗಳು ಬಿಂದುಶ್ರೀ ಫೋನ್ ಮಾಡಿದಳು.

“ಅಕ್ಕಾ, ನಮ್ಮ ಹಸು ಕರು ಹಾಕಕ್ಕಾಗ್ತಿಲ್ಲ. ಕರು ಮುಂಗಾಲು ಒಳಗೇ ಮಡಚ್ಕಂಡೈತೆ. ಅಮ್ಮ ಕೈ ಹಾಕವ್ಳೆ, ಡಾಕ್ಟರಮ್ಮ ಅಮ್ಮನ ಫೋನಿನ ವಿಡಿಯೋದಲ್ಲಿ ಹೇಳ್ಕೊಡ್ತಾವ್ರೆ. ಚಿತ್ರ ನಿಂತ್ ನಿಂತ್ ಬರ್ತೈತೆ!”

ಊರಿನ ಪಶುವೈದ್ಯರು ರಜೆಯಲ್ಲಿದ್ದರು. ವಿಡಿಯೋದಲ್ಲಿದ್ದ ಅರಸೀಕೆರೆಯ ಡಾಕ್ಟರ್ ಆಶಾರಾಣಿ ಹೊರಟು ತಲುಪಲು ಒಂದೂವರೆ ಗಂಟೆ ಬೇಕು. ಹಸು ಅಷ್ಟು ಹೊತ್ತು ತಡೆಯುವಂತಿರಲಿಲ್ಲ. ಸಾವಿತ್ರಮ್ಮ ಕರುವನ್ನು ಹಿಂದಕ್ಕೆ ತಳ್ಳಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿ, ಕಾಲನ್ನು ಮುಂದಕ್ಕೆ ತರಬೇಕು. ಒಳಗೆ ಕೈಗೆ ಸಿಕ್ಕಿದ್ದನ್ನು ಅವಳು ಎಡಗೈ ಬಾಗಿಸಿ ತೋರಿಸುತ್ತಿದ್ದಳು. ಆದರೆ “ಎಳೀರಿ” ಎಂಬ ಮಾತು ಹಿಂದಿನ ಹಿಡಿತಕ್ಕೆ ಹೇಳಿದ್ದು, ಹಿಡಿತ ಬದಲಾದ ಮೇಲೆ ಬಂದು ಮುಟ್ಟುತ್ತಿತ್ತು. ಮುಚ್ಚದ ಗೊರಸನ್ನು ಎಳೆದರೆ ಗರ್ಭಕೋಶ ಹರಿಯುತ್ತದೆ. ಹಸು ಉಳಿಯುವುದಿಲ್ಲ.

ಲತಾಮಣಿ ಕಂಪ್ಯೂಟರಿನ ತೆರೆ ನೋಡಿದಳು. ಒಂಬತ್ತು. ಮೂವತ್ತೊಂದು. ಮತ್ತೆ ಒಂಬತ್ತು. ಜಾವಗಲ್ ಹತ್ತಿರ ಗಾಜಿನೆಳೆಯ ತಂತಿಯೊಳಗೆ ಹರಿಯುವ ಬೆಳಕು ಕುಂದಿದೊಡನೆ ಸಾಫ್ಟ್‌ವೇರ್ ಬೇಲೂರಿಗೆ ತಿರುಗಿಸುತ್ತಿತ್ತು. ಹತ್ತು ಸೆಕೆಂಡು ಸರಿಯಿದ್ದರೆ ಮತ್ತೆ ಜಾವಗಲ್ಲಿಗೇ. ಪ್ರತಿ ತಿರುವಿಗೂ ಚಿತ್ರ ನಿಲ್ಲುತ್ತಿತ್ತು. ಹತ್ತು ಸೆಕೆಂಡಿನ ಆ ನಿಯಮ ಅವಳೇ ಬರೆದದ್ದು.

ಕೆಳಗೆ ತಂತಿ ಸುತ್ತುತ್ತಿದ್ದ ಅಪ್ಪನನ್ನು ಕೂಗಿದಳು. “ಜಾವಗಲ್ ಹತ್ರ ಏನಪ್ಪಾ ಇದೆ? ಲೈನ್ ಹೋಗ್ತದೆ, ಬರ್ತದೆ.”

ಮರಿಯಣ್ಣ ಮೇಲೆ ಬಂದು ಕಿಟಕಿಯಾಚೆ ನೋಡಿದ. “ಗಾಳಿ ಐತಲ್ಲವ್ವ. ದ್ಯಾವಮ್ಮನ ತೋಟದಲ್ಲಿ ಕಂಬ ಬಿದ್ದಿತ್ತು, ತಂತೀನ ತೆಂಗಿನ ಮರಕ್ಕೆ ಕಟ್ಟಿದ್ದೆ. ಮರ ತೂಗಿದ್ರೆ ತಂತೀನೂ ಬಾಗ್ತೈತೆ.”

“ಯಾವಾಗ?”

“ಆರು ವರ್ಷ ಆಯ್ತು. ಅವತ್ತಿನ ಮಟ್ಟಿಗೆ ಅಂತ ಕಟ್ಟಿದ್ದು. ಯಾಕೆ, ನಿನ್ ಕಂಪ್ಯೂಟ್ರಿಗೆ ಮರ ಕಾಣಕಿಲ್ವಾ?”

ಗಾಳಿ ನಿಲ್ಲುವುದನ್ನು ಕಾಯುವಂತಿರಲಿಲ್ಲ. ಎಲ್ಲವನ್ನೂ ಬೇಲೂರಿಗೆ ತಿರುಗಿಸಿದರೆ ಆ ದಾರಿ ಕಿಕ್ಕಿರಿಯುತ್ತದೆ. ಸಾವಿತ್ರಮ್ಮನ ಮನೆಯ ಒಂದೇ ಸಂಪರ್ಕವನ್ನು ಬೇಲೂರು ದಾರಿಗೆ ಕಟ್ಟಿಹಾಕಬೇಕು. ಕಟ್ಟಿಹಾಕಿದ ಮೇಲೆ ಬೇಲೂರಿನಲ್ಲಿ ತಂತಿ ಹರಿದರೆ ಬದಲಿ ದಾರಿಯಿಲ್ಲ. ಬದಲಿಸುವಾಗ ಚಿತ್ರ ಇನ್ನೊಮ್ಮೆ ನಿಲ್ಲುವುದಂತೂ ಖಂಡಿತ.

“ಬಿಂದು, ಅಮ್ಮನ ಕೈ ಎಲ್ಲಿದೆಯೋ ಅಲ್ಲೇ ಇರ್ಲಿ. ಡಾಕ್ಟ್ರು ಹೇಳಿದ್ರೂ ಅಲ್ಲಾಡಿಸೋದು ಬೇಡ, ನಾನು ಹೇಳೋವರೆಗೂ.”

ಸಾವಿತ್ರಮ್ಮ ಅಲ್ಲಿಂದಲೇ ಕೂಗಿದಳು: “ಕೈ ಮರಗಟ್ಟೈತೆ ಕಣವ್ವೋ! ನಿಮ್ ಇಂಟ್ರುನೆಟ್ಟಿಗೂ ಹೆರಿಗೆ ನೋವಾ?”

ಲತಾಮಣಿ ಆ ಆದೇಶವನ್ನು ಒಂದು ಸಾಲಿನಲ್ಲಿ ಬರೆದು, ಎರಡು ಸಲ ಓದಿ ಗುಂಡಿ ಒತ್ತಿದಳು. ಒಂದು, ಎರಡು, ಮೂರು ಸೆಕೆಂಡು. ಮೂವತ್ತೊಂದು. ತೆರೆಯ ಮೇಲೆ ಜಾವಗಲ್ ದಾರಿ ಕೆಂಪಾಯಿತು, ಹಸಿರಾಯಿತು. ಮೂವತ್ತೊಂದು ಕದಲಲಿಲ್ಲ.

“ಈಗ ಡಾಕ್ಟ್ರು ಹೇಳಿದ ಹಾಗೆ ಮಾಡ್ಲಿ.”

ಬಿಂದುಶ್ರೀಯ ಫೋನಿನಲ್ಲಿ ಅವಳಿಗೂ ಕೇಳಿಸುತ್ತಿತ್ತು. “ಗೊರಸು ಮುಚ್ಚಿದ್ದೀರಾ?” “ಮುಚ್ಚಿವ್ನಿ.” “ಹಾಗೇ ಎಳೀರಿ. ನಿಧಾನ. ನಿಲ್ಸಿ. ಹಸು ತಿಣುಕ್ತಾ ಇದೆ… ಈಗ ಎಳೀರಿ.” ಪ್ರಶ್ನೆಗೆ ಉತ್ತರ ಅಂಟಿಕೊಂಡೇ ಬರುತ್ತಿತ್ತು. ಲತಾಮಣಿ ಅಂಕಿಯಿಂದ ಕಣ್ಣು ತೆಗೆಯಲಿಲ್ಲ.

ಹನ್ನೆರಡು ನಿಮಿಷ. ಏನೋ ಜಾರಿ ಹುಲ್ಲಿನ ಮೇಲೆ ಬಿದ್ದ ಸದ್ದು.

“ಬಿಂದು?”

ಒದ್ದೆಯಾದೊಂದು ಸೀನು ಕೇಳಿಸಿತು. “ಹೆಣ್ಗರು ಅಕ್ಕಾ! ಹಸೂನೂ ತಿರುಗಿ ನೆಕ್ತೈತೆ!”

ಲತಾಮಣಿ ಕಣ್ಣೊರೆಸಿಕೊಂಡು, ಹತ್ತು ಸೆಕೆಂಡೆಂದು ಇದ್ದಲ್ಲಿ ಹತ್ತು ನಿಮಿಷವೆಂದು ತಿದ್ದಿದಳು. ಮರಿಯಣ್ಣ ಆಗಲೇ ಜಾವಗಲ್ ಬಸ್ಸಿಗೆಂದು ಹಗ್ಗ ಹೆಗಲಿಗೆ ಹಾಕಿಕೊಂಡಿದ್ದ.

“ಕೂತ್ಕೋ ಅಪ್ಪ. ಇನ್ನೂ ಎಲ್ಲೆಲ್ಲಿ ಮರಕ್ಕೆ ಕಟ್ಟಿದ್ದೀಯ, ಹೇಳು.” ದಾರಿಗಳ ಪಟ್ಟಿಯಲ್ಲಿ ಅವಳು ‘ಮರ’ ಎಂದು ಹೊಸದೊಂದು ಅಂಕಣ ತೆರೆದಳು.

ಮರಿಯಣ್ಣ ಕತ್ತು ತುರಿಸಿಕೊಂಡು ಶುರು ಮಾಡಿದ. ಹದಿನೇಳನೆಯ ಮರಕ್ಕೆ ಬಂದಾಗ ಅವಳು ಟೈಪ್ ಮಾಡುವುದನ್ನು ನಿಲ್ಲಿಸಿ ಅಪ್ಪನ ಮುಖ ನೋಡಿದಳು. ಅವನು ಇನ್ನೂ ಬೆರಳು ಮಡಚುತ್ತಲೇ ಇದ್ದ.