ಅತ್ತೆ ಕೊಟ್ಟ ಮಣ್ಣು

ಊರೂರು ತಿರುಗಿ ಹೊಲದ ಮಣ್ಣು ತೆಗೆಸಿ ಲ್ಯಾಬಿಗೆ ಕಳಿಸುವುದು, ಯಾವ ಹೊಲಕ್ಕೆ ಎಷ್ಟು ಗೊಬ್ಬರ ಬೇಕೆಂದು ಬರೆದು ಬಂದ ಚೀಟಿಯನ್ನು ರೈತರ ಕೈಗಿಡುವುದು: ಕೃಷಿ ಇಲಾಖೆಯಲ್ಲಿ ನನ್ನ ಕೆಲಸ ಇದು. ಆ ಬೇಸಿಗೆಯ ಪಟ್ಟಿಯಲ್ಲಿ ಕ್ಯಾಲನೂರಿನ ಪಕ್ಕದ ನಮ್ಮೂರಿನ ಹೆಸರೂ ಬಂತು, ನಮ್ಮ ಅತ್ತೆಯ ರಾಗಿ ಹೊಲವೂ ಬಂತು.

ಅತ್ತೆ ಆಂಧ್ರ ಗಡಿಯ ನಂಗಲಿ ಕಡೆಯವರು. ಮಾತು ಕನ್ನಡದಲ್ಲಿ ಶುರುವಾದರೂ ಸಿಟ್ಟು ಬಂದ ಕೂಡಲೇ ತೆಲುಗಿಗೆ ದಾಟುತ್ತದೆ. ಎರಡು ಸೀಮೆಹಸು, ಒಂದೂವರೆ ಎಕರೆ ಹೊಲ, ಮನೆಯ ಹಿತ್ತಲು ಎಲ್ಲಕ್ಕೂ ಅವರದೇ ಆಡಳಿತ.

ಹೊಲದ ಹತ್ತು ಕಡೆ ಗೇಣಾಳದ ಗುಂಡಿ ತೋಡಿ, ಆ ಮಣ್ಣನ್ನೆಲ್ಲ ಬೆರೆಸಿ, ಅದರಿಂದ ಅರ್ಧ ಕೆ.ಜಿ. ತೆಗೆಯಬೇಕು. ಇದನ್ನು ನಾನೇ ಎಷ್ಟೋ ರೈತರಿಗೆ ಪಾಠ ಮಾಡಿದ್ದೇನೆ. ಆದರೆ ಆ ದಿನ ಬೆಳಿಗ್ಗೆಯಿಂದ ಹೊಲ ತುಳಿದು ಸುಸ್ತಾಗಿ ಮನೆ ಸೇರಿದ್ದೆ.

"ನೀನು ಕೂತ್ಕೊಳಮ್ಮ, ಮಜ್ಜಿಗೆ ಕುಡಿ. ಮಣ್ಣು ತಾನೇ? ನಾನ್ ತರ್ತೀನಿ" ಎಂದರು ಅತ್ತೆ.

ನಾನು ಚೀಲ ಕೊಟ್ಟು ಫ್ಯಾನಿನ ಕೆಳಗೆ ಕೂತೆ. ಕಾಲು ಗಂಟೆಯಲ್ಲಿ ಚೀಲ ತುಂಬಿ ಬಂತು. ಹೊಲಕ್ಕೆ ಹೋಗಿಬರಲಿಕ್ಕೇ ಅರ್ಧ ಗಂಟೆ ಹಿಡಿಯುತ್ತದೆಂಬುದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಎದ್ದು ಕೇಳುತ್ತಿದ್ದೆನೆಂದು ಹೇಳಲಾರೆ. ಫಾರಂ ಮೇಲೆ ಸಹಿ ಹಾಕಿದೆ.

ಚೀಟಿ ಬಂದಾಗ ಕಚೇರಿಯವರೆಲ್ಲ ಬೆರಗಾದರು. ಈ ಭಾಗದ ಯಾವ ಕೆಂಪು ನೆಲದಲ್ಲೂ ಅಷ್ಟು ಸಾರ ಕಂಡಿರಲಿಲ್ಲ. ನಾನೂ ಬೀಗಿದೆ. ಚೀಟಿ ನಂಬಿ, ಆ ವರ್ಷ ಹೊಲಕ್ಕೆ ಗೊಬ್ಬರವೇ ಬೇಡವೆಂದು ಗಂಡನಿಗೆ ಹೇಳಿದೆ. ಅತ್ತೆ ಏನೋ ಹೇಳಲು ಬಾಯಿ ತೆರೆದು, ಹಸುವಿಗೆ ನೀರಿಡಬೇಕೆಂದು ಎದ್ದುಹೋದರು.

ರಾಗಿ ತೆನೆ ಕಟ್ಟುವ ಹೊತ್ತಿಗೆ ನಮ್ಮ ಸಾಹೇಬರು ಮಾಲೂರು, ಶ್ರೀನಿವಾಸಪುರದ ರೈತರನ್ನು ವ್ಯಾನಿನಲ್ಲಿ ಕರೆತಂದರು, ಮಾದರಿ ಹೊಲ ತೋರಿಸಲಿಕ್ಕೆ. ರಸ್ತೆ ಬದಿಯ ಸಾಲುಗಳು ಸೊಂಟದೆತ್ತರ ನಿಂತಿದ್ದವು. ಒಳಗೆ ಹೋದಂತೆ ಪೈರು ಮೊಣಕಾಲಿಗಿಳಿಯಿತು, ಬಣ್ಣ ಪೇಲವವಾಯಿತು.

ಶ್ರೀನಿವಾಸಪುರದ ಮಾವಿನ ತೋಟದವರೊಬ್ಬರು ಬಗ್ಗಿ ನೋಡಿದರು. "ಇದೇನಮ್ಮ, ಅಂಚಲ್ಲಿ ಒಂಥರಾ, ನಡುವಲ್ಲಿ ಒಂಥರಾ?"

ಅತ್ತೆ ಸೆರಗು ಬಿಗಿದರು. "ಅಂಚಿಗೆ ನಾನೇ ಕೊಟ್ಟಿಗೆ ಗೊಬ್ಬರ ಹೊತ್ತು ಹಾಕ್ದೆ. ನಡುವಿನವರ್ಗೂ ಹೊರೋಕೆ ಆಗ್ಲಿಲ್ಲ ಸ್ವಾಮಿ."

"ಚೀಟೀಲಿ ಗೊಬ್ಬರ ಬೇಡ ಅಂತ ಇದೆಯಲ್ಲಮ್ಮ?" ಎಂದರು ಸಾಹೇಬರು.

"ಅದು ಈ ಮಣ್ಣಿನ ಚೀಟಿ ಅಲ್ಲ."

ಅಷ್ಟು ಜನರನ್ನೂ ಮನೆಯ ಹಿತ್ತಲಿಗೆ ಕರೆದೊಯ್ದು, ತಿಪ್ಪೆಯ ಪಕ್ಕದ ನುಗ್ಗೆಮರದ ಬುಡ ತೋರಿಸಿದರು. ಕಪ್ಪಗೆ, ಹಿಡಿದರೆ ಉಂಡೆಯಾಗುವಂಥ ಮಣ್ಣು. "ಕೊಟ್ಟಿದ್ದು ಇಲ್ಲಿಂದ."

ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. "ಯಾಕತ್ತೆ ಹೀಗ್ಮಾಡಿದ್ರಿ?"

"ಏಮಮ್ಮಾ, ಇನ್ನೇನ್ ಮಾಡ್ಲಿ? ನಿನ್ನ ಆಫೀಸಲ್ಲಿ ನಾಲ್ಕು ಜನದ ಮುಂದೆ ನಿನ್ನ ಅತ್ತೆ ಹೊಲದಲ್ಲಿ ಸಾರ ಇಲ್ಲ ಅಂತ ಬಂದ್ರೆ ನಿನ್ ಮುಖ ಏನಾಗ್ಬೇಕು?"

ಸಿಟ್ಟಾಗಬೇಕೆಂದು ನಿಂತಿದ್ದವಳ ಸಿಟ್ಟು ಅಲ್ಲೇ ಇಳಿಯಿತು. ಅಷ್ಟರಲ್ಲಿ ಸಾಹೇಬರು ಮೆಲ್ಲಗೆ, "ಸ್ಯಾಂಪಲ್ ತೆಗೆದಿದ್ದು ಯಾರಮ್ಮ?" ಎಂದರು.

"ನಾನೇ ಸಾರ್. ಅಂದರೆ, ಸಹಿ ನನ್ನದು."

ರೈತರು ಹೊಟ್ಟೆ ಹಿಡಿದು ನಕ್ಕರು. ಮಾಲೂರಿನವರೊಬ್ಬರು ತಾವೂ ಮನೆ ಮುಂದಿನ ಗುಲಾಬಿ ಕುಂಡದ ಮಣ್ಣು ಕಳಿಸಿದ್ದಾಗಿ ಒಪ್ಪಿಕೊಂಡ ಮೇಲೆ ಸಾಹೇಬರೂ ನಗು ತಡೆಯಲಿಲ್ಲ. ಕೊಯ್ಲಾದ ಮೇಲೆ ಮತ್ತೆ ಮಣ್ಣು ತೆಗೆಯಬೇಕೆಂದು ನನಗೆ ಹೇಳಿ ಹೊರಟರು.

ಆ ವರ್ಷ ರಾಗಿ ಅರ್ಧವೇ ಕೈಗೆ ಬಂತು. ಗಂಡ ಮುದ್ದೆ ಮುರಿಯುವಾಗೆಲ್ಲ ನನ್ನನ್ನೊಮ್ಮೆ ನೋಡುತ್ತಿದ್ದರು.

ಬೇಸಿಗೆಯಲ್ಲಿ ಗುದ್ದಲಿ ಹಿಡಿದು ನಾನೇ ತೋಡಿದೆ. ಅತ್ತೆ ಬದುವಿನ ಮೇಲೆ ಕೊಡೆ ಹಿಡಿದು ಕೂತು ಎಣಿಸುತ್ತಿದ್ದರು. "ಎಂಟೇ ಆಯ್ತು. ಹತ್ತು ಅಂತ ನೀನೇ ಹೇಳಿದ್ದಲ್ವೇನೇ?" ಹೊಸ ಚೀಟಿಯಲ್ಲಿ ಸಾರವೂ ಕಡಿಮೆ, ಜಿಂಕ್ ಎನ್ನುವ ಸತುವೂ ಕಡಿಮೆ ಎಂದು ಬಂತು. ಅತ್ತೆ ಅದನ್ನು ನನ್ನ ಕೈಲಿ ಎರಡು ಸಲ ಓದಿಸಿ, ಮಳೆಗೆ ಮುಂಚೆ ತಿಪ್ಪೆಯ ಗೊಬ್ಬರವನ್ನೆಲ್ಲ ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೊಡೆಸಿದರು.

ಈಗ ನಮ್ಮೂರಲ್ಲಿ ನಾನು ಚೀಲ ಹಿಡಿದು ಯಾರ ಹೊಲಕ್ಕೆ ಹೋದರೂ, "ಒಬ್ರೇ ಬಂದ್ರಾ? ನಿಮ್ಮತ್ತೇನ ಕರ್ಕೊಂಡು ಬನ್ನಿ, ಗುಂಡಿ ಎಣಿಸೋಕೆ" ಎನ್ನುತ್ತಾರೆ. ಕರೆದರೆ ಅತ್ತೆ ಬಂದೇ ಬರುತ್ತಾರೆ.