ಜ್ವರಕ್ಕೆ ಕೂತ ಹುಳು ಮೇಯ್ದ ಸದ್ದು

ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗಿ ಪಾತ್ರೆ ತೊಳೆಯುವವಳು. ನಮ್ಮ ಅತ್ತೆಯ ತಂಗಿಯೊಬ್ಬರಿಗೆ ಶುಕ್ರವಾರ ಬಂತೆಂದರೆ ಮೈಮೇಲೆ ದೇವರು ಬರುತ್ತಿತ್ತು. ಎಲ್ಲರೂ ಕೈಮುಗಿದು ನಿಂತಿದ್ದಾಗ ನಾನೊಬ್ಬಳು, "ಈ ದೇವರು ಕಳೆ ತೆಗೆಯೋ ದಿವಸ ಯಾಕೆ ಬರಲ್ಲ?" ಎಂದು ಕೇಳಿ ಮನೆಯವರಿಂದ ಚೆನ್ನಾಗಿ ಬೈಸಿಕೊಂಡಿದ್ದೆ. ಹಾಗಿದ್ದವಳು ಇವತ್ತು ಇದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಲಿ. ನಾನೇ ಇನ್ನೊಬ್ಬರ ಬಾಯಲ್ಲಿ ಕೇಳಿದ್ದರೆ ನಗುತ್ತಿದ್ದೆ.

ನಮ್ಮದು ಕ್ಯಾಲನೂರಿನ ಪಕ್ಕದ ಹಳ್ಳಿ. ಯಜಮಾನರು, ಅವರ ತಮ್ಮ ನಾಗೇಶ, ಅವನ ಹೆಂಡತಿ ಮಂಜುಳಾ, ನಾನು, ನಾಲ್ವರೂ ಒಂದೇ ಮನೆಯಲ್ಲಿದ್ದೇವೆ. ಹಿಪ್ಪುನೇರಳೆ ತೋಟವಿದೆ, ಮನೆಯ ಹಿಂಗೋಡೆಗೆ ಅಂಟಿಕೊಂಡಂತೆ ಹುಳುಮನೆಯಿದೆ. ರೇಷ್ಮೆ ಸಾಕದವರಿಗೆ ಒಂದು ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನು ನಾವು ಜ್ವರ ಎನ್ನುತ್ತೇವೆ. ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ, ಒಂದು ಚೂರು ಸೊಪ್ಪನ್ನೂ ಮುಟ್ಟುವುದಿಲ್ಲ. ಆಗ ಸೊಪ್ಪು ಹಾಕಲೂ ಬಾರದು. ಮೈಮೇಲೆ ಸುಣ್ಣದ ಪುಡಿ ಉದುರಿಸಿ ಬಿಟ್ಟುಬಿಡಬೇಕು. ಎಲ್ಲವೂ ಏಳುವ ಮೊದಲೇ ಅವಸರಪಟ್ಟು ಸೊಪ್ಪು ಹಾಕಿದಿರೋ, ಕೆಲವು ಮುಂದೆ, ಕೆಲವು ಹಿಂದೆ ಬಿದ್ದು ಬೆಳೆಯೇ ಹಾಳು. ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಮಾತ್ರ ನೋಡಬೇಕು ಅವುಗಳ ಹಸಿವು! ಹುಳುಮನೆಯ ತುಂಬ ಮೇಯುವ ಸದ್ದು. ಹುಣಸೆ ಮರದ ಮೇಲೆ ಜಡಿಮಳೆ ಹಿಡಿದ ಹಾಗೆ ಚರಚರ ಎನ್ನುತ್ತಲೇ ಇರುತ್ತದೆ. ಮದುವೆಯಾಗಿ ಬಂದಾಗಿನಿಂದ ಕೇಳಿದ ಸದ್ದು ಅದು. ನಿದ್ದೆಯಲ್ಲೂ ಗುರುತು ಹಿಡಿಯುತ್ತೇನೆ.

ಚಳಿಗಾಲದಲ್ಲಿ ಹುಳುವಿಗೆ ಬೆಚ್ಚಗಿರಬೇಕು. ಹಿಂದೆ ಹಂಚಿನ ಮನೆಯಿದ್ದಾಗ ಇದ್ದಲಿನ ಅಗ್ಗಿಷ್ಟಿಕೆ ಇಡುತ್ತಿದ್ದೆವು. ಹಂಚಿನ ಸಂದಿಯಲ್ಲಿ ಹೊಗೆ ತಾನಾಗಿ ಹೋಗುತ್ತಿತ್ತು. ಹೊಸದಾಗಿ ಸಿಮೆಂಟಿನ ಹುಳುಮನೆ ಕಟ್ಟಿಸಿದ ಮೇಲೆ ಆ ಸಂದಿ ಎಲ್ಲಿಂದ ಬರಬೇಕು? ಮಂಜುಳಾ ಶ್ರೀನಿವಾಸಪುರದ ಕಡೆಯವಳು. ಅವಳ ತವರಿನಲ್ಲಿ ಗ್ಯಾಸ್ ಹೀಟರ್ ಹಾಕಿಸಿದ್ದರು. ನಮಗೂ ಬೇಕೆಂದು ಹಟ ಹಿಡಿದಳು, ಹಾಕಿಸಿದೆವು. ಕೋಲಾರದಿಂದ ಬಂದ ಫಿಟ್ಟರ್ ಸಿಲಿಂಡರನ್ನು ಹೊರಗಿಟ್ಟು, ಹೀಟರಿನ ಹೊಗೆಗೆ ಗೋಡೆಯಾಚೆ ತಗಡಿನ ಕೊಳವೆ ಏರಿಸಿ, ಹೊರಡುವಾಗ ಹೇಳಿದ್ದ: "ಉರಿಗೂ ಉಸಿರು ಬೇಕಮ್ಮ. ಗಾಳಿ ಒಳಗ್ ಬರೋಕೊಂದು ದಾರಿ, ಹೊಗೆ ಆಚೆ ಹೋಗೋಕೊಂದು ದಾರಿ. ಎರಡನ್ನೂ ಮುಚ್ಚಬೇಡಿ." ಆಯ್ತಪ್ಪ ಎಂದು ಎಲ್ಲರೂ ತಲೆಯಾಡಿಸಿದ್ದೆವು.

ಆದರೆ ರೇಷ್ಮೆಯವರಿಗೆ ಊಜಿ ನೊಣದ ಭಯ ಹುಟ್ಟಿನಿಂದ ಬಂದದ್ದು. ಆ ನೊಣ ಒಂದು ಒಳಗೆ ನುಗ್ಗಿ ಹುಳುವಿನ ಮೇಲೆ ಮೊಟ್ಟೆ ಇಟ್ಟರೆ ಕಥೆ ಮುಗಿಯಿತು. ಅದಕ್ಕೇ ಕಿಟಕಿ, ಬಾಗಿಲು, ಗವಾಕ್ಷಿ, ಎಲ್ಲ ತೂತಿಗೂ ಸಣ್ಣ ಕಣ್ಣಿನ ಬಲೆ ಕಟ್ಟುತ್ತೇವೆ. ತೂತು ಕಂಡರೆ ಸಾಕು, ಕೈ ಬಲೆ ಹುಡುಕುತ್ತದೆ. ನಾಗೇಶ ಏಣಿ ಹಾಕಿ ಕೊಳವೆಯ ಬಾಯಿಗೂ ಎರಡು ಸುತ್ತು ಬಲೆ ಬಿಗಿದ. "ಇಲ್ಲಿಂದಾನೂ ಬರಲ್ಲ ನನ್ಮಗಂದು" ಎಂದು ಇಳಿದು ಬಂದಾಗ ಅವನ ಜಾಣತನಕ್ಕೆ ನಾವೆಲ್ಲ ಮೆಚ್ಚಿದ್ದೇ ಮೆಚ್ಚಿದ್ದು. ಆಮೇಲೆ ಚೆನ್ನೈ ಕಡೆ ವಾಯುಭಾರ ಕುಸಿತವಾಗಿ ನಮ್ಮಲ್ಲಿ ಜಡಿ ಹಿಡಿಯಿತು. ಶೀತಗಾಳಿ ಬೀಸುತ್ತದೆಂದು ಗವಾಕ್ಷಿಗಳಿಗೂ ಪ್ಲಾಸ್ಟಿಕ್ ಹಾಳೆ ಬಂತು. ಹುಳುಮನೆ ಎಷ್ಟು ಬೆಚ್ಚಗಿದೆ ಎಂದು ಖುಷಿಪಟ್ಟೆವು.

ಇದರ ನಡುವೆ ನನಗೂ ಮಂಜುಳಾಳಿಗೂ ಮಾತು ನಿಂತುಹೋಗಿತ್ತು. ಹೀಟರ್ ಬಂದ ಖುಷಿಯಲ್ಲಿ ಅವಳು ನನ್ನ ಹಳೆಯ ಅಗ್ಗಿಷ್ಟಿಕೆಯನ್ನು ಗುಜರಿಯವನಿಗೆ ಕೊಟ್ಟು ಪ್ಲಾಸ್ಟಿಕ್ ಟಬ್ಬು ಇಳಿಸಿಕೊಂಡಿದ್ದಳು. ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ನಾನು ಕೂಗಾಡಿದೆ, ಅವಳೂ ಸುಮ್ಮನಿರಲಿಲ್ಲ. ಅಲ್ಲಿಂದ ಹುಳುಮನೆ ಅವಳದು, ಅಡುಗೆಮನೆ ನನ್ನದು ಎಂದು ಬಾಯಿಬಿಟ್ಟು ಹೇಳದೆಯೇ ಪಾಲಾಯಿತು. ನನ್ನ ಮುಖ ನೋಡುವುದಕ್ಕಿಂತ ಹುಳುವಿನ ಮುಖ ನೋಡುವುದು ಮೇಲೆಂದು ಅವಳು ದಿನವಿಡೀ ಹೀಟರಿನ ಪಕ್ಕ ಸೊಪ್ಪಿನ ಚೀಲಕ್ಕೆ ಒರಗಿ ಕೂತಿರುತ್ತಿದ್ದಳು. ಇದೆಲ್ಲ ನಡೆದ ಹಿಂದಿನ ದಿನ ಗಂಡನ ಹತ್ತಿರ ತಲೆನೋವು, ವಾಕರಿಕೆ ಎಂದು ಹೇಳಿಕೊಂಡದ್ದು ನನ್ನ ಕಿವಿಗೂ ಬಿತ್ತು. ಮಾತಾಡದೆ ಇರಲು ನೆಪ ಎಂದುಕೊಂಡೆ.

ಅವತ್ತು ಮಧ್ಯಾಹ್ನ ಗಂಡಸರಿಬ್ಬರೂ ಚಂದ್ರಿಕೆ ಬಾಡಿಗೆಗೆ ತರಲು ವೇಮಗಲ್ಲಿಗೆ ಹೋಗಿದ್ದರು. ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಗೆ ನಾವು ಚಂದ್ರಿಕೆ ಎನ್ನುತ್ತೇವೆ. ಹುಳುಗಳು ನಾಲ್ಕನೆಯ ಜ್ವರಕ್ಕೆ ಕೂತಿದ್ದವು. ನಾನು ಹಿಂದಿನ ಜಗಲಿಯಲ್ಲಿ ನೆನೆಸಿದ ಅವರೆಕಾಳು ಹಿದುಕುತ್ತಿದ್ದೆ. ಮನಸ್ಸಿಗೆ ಯಾಕೋ ನೆಮ್ಮದಿಯಿಲ್ಲ. ಕಾಳು ಬೆರಳಿನಿಂದ ಜಾರಿ ಜಾರಿ ಹೋಗುತ್ತಿತ್ತು. ಎದ್ದು ಒಳಗೆ ಹೋಗುವುದು, ಏನಕ್ಕೆ ಬಂದೆ ಎಂದು ಮರೆತು ಮತ್ತೆ ಬಂದು ಕೂರುವುದು, ಇದೇ ಆಯಿತು. ಜಗಳ ಆಡಿದವರಿಗೆ ಹೀಗಾಗುವುದು ಇದ್ದದ್ದೇ ಎಂದು ಸುಮ್ಮನಾದೆ.

ಆಗ ಕೇಳಿಸಿತು. ಹುಳು ಮೇಯುವ ಸದ್ದು.

ಮೊದಲು ಮಳೆ ಎಂದುಕೊಂಡೆ. ಸೂರಿನಾಚೆ ಕೈ ಚಾಚಿ ನೋಡಿದೆ, ಒಂದು ಹನಿ ಬೀಳಲಿಲ್ಲ. ಜಡಿ ಬಿಟ್ಟು ಎಷ್ಟೋ ಹೊತ್ತಾಗಿತ್ತು. ಸದ್ದು ಬರುತ್ತಿದ್ದದ್ದು ಹುಳುಮನೆಯಿಂದಲೇ. ಒಂದೆರಡು ಹುಳುವಿನದಲ್ಲ, ಹಸಿದು ಎದ್ದ ಇಡೀ ಬೆಳೆ ಒಟ್ಟಿಗೆ ಬಾಯಿ ಹಾಕಿದ ಸದ್ದು. ಬೆಳಿಗ್ಗೆ ಬಾಗಿಲಲ್ಲಿ ನಿಂತು ಇಣುಕಿದ್ದೆ, ಒಂದೂ ಎದ್ದಿರಲಿಲ್ಲ. ಎಲ್ಲವೂ ಇಷ್ಟು ಬೇಗ ಏಳುವ ಮಾತೇ ಇಲ್ಲ. ಹಾಗಾದರೆ ಈ ಮಹಾತಾಯಿ ಜ್ವರದಲ್ಲಿರುವ ಹುಳುವಿಗೆ ಸೊಪ್ಪು ಸುರಿದು, ಎದ್ದ ನಾಲ್ಕು ತಿನ್ನುವಂತೆ ಮಾಡಿದ್ದಾಳೆ! ನಾಲ್ಕು ಹುಳುವಿಗೆ ಅಷ್ಟು ಸದ್ದು ಬರುತ್ತದೆಯೇ ಎಂದು ಆಗ ಹೊಳೆಯಲಿಲ್ಲ. ನನಗೆ ಹೊಳೆದದ್ದು ಒಂದೇ, ಸಿಕ್ಕಿಬಿದ್ದಳು ಇವಳು. ನಿಜ ಹೇಳುತ್ತೇನೆ, ಸಿಟ್ಟಿನ ಜೊತೆಗೆ ಸಂತೋಷವೂ ಆಯಿತು. ಮೊರವನ್ನು ಅಲ್ಲೇ ಒಗೆದು, ಕೈಗೆ ಅಂಟಿದ ಅವರೆ ಸಿಪ್ಪೆಯನ್ನೂ ಒರೆಸದೆ ಹೊರಟೆ.

ಹತ್ತಿರ ಹೋದಷ್ಟೂ ಸದ್ದು ಜೋರಾಯಿತು. ಬಾಗಿಲ ಬಳಿಯಂತೂ ಕಿವಿ ತುಂಬುವಷ್ಟು. "ಲೇ ಮಂಜುಳಾ, ಯಾರೇ ನಿನಗೆ ಸೊಪ್ಪು ಹಾಕು ಅಂದಿದ್ದು?" ಎನ್ನುತ್ತಲೇ ಬಾಗಿಲು ತಳ್ಳಿದೆ.

ಸದ್ದು ನಿಂತುಹೋಯಿತು. ಕಡಿಮೆಯಾಗಿ ನಿಂತದ್ದಲ್ಲ, ಒಮ್ಮೆಲೇ ಇಲ್ಲವಾಯಿತು. ಅಟ್ಟಣೆಯ ಮೇಲೆ ಹುಳುಗಳೆಲ್ಲ ಸುಣ್ಣ ಮೆತ್ತಿಕೊಂಡು, ತಲೆ ಎತ್ತಿ, ಕೂತದ್ದು ಕೂತ ಹಾಗೇ ಇದ್ದವು. ಹಸಿರು ಎನ್ನುವುದು ಒಂದು ಎಲೆಯಷ್ಟೂ ಅಲ್ಲಿರಲಿಲ್ಲ. ಹೀಟರಿನ ನೀಲಿ ಉರಿ ಹಳದಿಯಾಗಿ ನಾಲಿಗೆ ಚಾಚುತ್ತಿತ್ತು. ಮಂಜುಳಾ ಚೀಲದ ಮೇಲಿಂದ ಜಾರಿ ನೆಲಕ್ಕೆ ಬಿದ್ದಿದ್ದಳು. ಮುಖ ಕೆಂಪಗಾಗಿತ್ತು, ಬಾಯಿ ಅರ್ಧ ತೆರೆದಿತ್ತು. ಕೆನ್ನೆ ತಟ್ಟಿದೆ, ಅಲುಗಾಡಿಸಿದೆ, ಕತ್ತು ಆ ಕಡೆ ವಾಲಿತು. ಅಯ್ಯೋ ದೇವರೇ, ಹೋದಳು ಎಂದುಕೊಂಡೆ. ಆ ಕ್ಷಣದಲ್ಲಿ ಅಗ್ಗಿಷ್ಟಿಕೆಯೂ ಇಲ್ಲ, ಜಗಳವೂ ಇಲ್ಲ.

ಕಂಕುಳಿಗೆ ಕೈ ಹಾಕಿ ಎಳೆದೆ. ಅವಳು ನನಗಿಂತ ದಪ್ಪ. ಹೇಗೆ ಎಳೆದೆನೋ ಈಗಲೂ ಗೊತ್ತಿಲ್ಲ. ಅಂಗಳದಲ್ಲಿ ಮಲಗಿಸಿ, ಓಡಿ ಸಿಲಿಂಡರ್ ಬಂದ್ ಮಾಡಿ, ಬಾಗಿಲು ಹಾರು ಹೊಡೆದು, ಊರಿಗೆಲ್ಲ ಕೇಳುವಂತೆ ಕಿರುಚಿಕೊಂಡೆ. ಪಕ್ಕದ ಮನೆಯವರು ಬಂದರು, ಟೊಮ್ಯಾಟೊ ಸಾಗಿಸುವ ಅವರ ಗಾಡಿಯಲ್ಲೇ ಕೋಲಾರಕ್ಕೆ ಹೊರಟೆವು. ಖಾಲಿ ಕ್ರೇಟುಗಳ ನಡುವೆ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಉಸಿರು ಇದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳು ಹಿಡಿದುಕೊಂಡೇ ಹೋದೆ. ಬೆರಳಿನಲ್ಲಿ ಅವರೆಯ ವಾಸನೆ. ಈಗಲೂ ಹಿದುಕವರೆ ಮಾಡುವಾಗ ಆ ದಾರಿ ನೆನಪಾಗುತ್ತದೆ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಸರಿಯಾಗಿ ಉರಿಯದ ಗ್ಯಾಸಿನಿಂದ ಹುಟ್ಟುವ ವಿಷದ ಗಾಳಿ, ಬಣ್ಣವಿಲ್ಲ, ವಾಸನೆಯಿಲ್ಲ, ಇನ್ನು ಸ್ವಲ್ಪ ಹೊತ್ತಾಗಿದ್ದರೆ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದರು ಡಾಕ್ಟರು. ಕತ್ತಲಾಗುವ ಹೊತ್ತಿಗೆ ಅವಳು ಕಣ್ಣು ಬಿಟ್ಟಳು. ಮೊದಲ ಮಾತು ತವರಿನ ತೆಲುಗಿನಲ್ಲೇ ಬಂತು. "ಅಕ್ಕಾ, ತಲ ನೊಪ್ಪಿ" ಎಂದಳು. ತಲೆ ನೋಯುತ್ತಿದೆ ಎಂದು ಹೇಳಿದ್ದು, ಅಷ್ಟಕ್ಕೇ ನಾನು ಗೊಳೋ ಎಂದು ಅತ್ತುಬಿಟ್ಟೆ. ಸುದ್ದಿ ತಿಳಿದು ವೇಮಗಲ್ಲಿನಿಂದ ಓಡಿ ಬಂದಿದ್ದ ನಾಗೇಶ ಮೂಲೆಯಲ್ಲಿ ನಿಂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡಿದ್ದ.

ಮಾರನೆಯ ದಿನ ಅವನು ಏಣಿ ಹತ್ತಿ ಬಲೆ ಬಿಚ್ಚಿದಾಗ ಅದು ಬಲೆಯಾಗಿ ಉಳಿದಿರಲಿಲ್ಲ. ಧೂಳು, ಮಸಿ, ಸುಣ್ಣದ ಪುಡಿ ಎಲ್ಲ ಜಡಿಯಲ್ಲಿ ನೆನೆದು ರೊಟ್ಟಿಯಂತೆ ಗಟ್ಟಿಯಾಗಿತ್ತು. ಫಿಟ್ಟರನ್ನು ಕರೆಸಿ ಕೊಳವೆಯನ್ನು ಸೂರಿಗಿಂತ ಮೇಲೆ ಏರಿಸಿ, ಮಳೆ ಬೀಳದಂತೆ ಟೋಪಿ ಹಾಕಿಸಿದೆವು. ಗೋಡೆಯಲ್ಲಿ ಕೆಳಗೊಂದು, ಮೇಲೊಂದು ಮುಚ್ಚಲಾಗದ ಗವಾಕ್ಷಿ ಬಿಡಿಸಿದೆವು. ಕೆಟ್ಟ ಗಾಳಿ ಹೆಚ್ಚಾದರೆ ಕೂಗಿಕೊಳ್ಳುವ ಪುಟ್ಟ ಡಬ್ಬಿಯೊಂದನ್ನೂ ತಂದು ಹಾಕಿದ್ದೇವೆ. ಹೀಟರ್ ಇರುವವರು, ಬಚ್ಚಲಲ್ಲಿ ಗ್ಯಾಸ್ ಗೀಸರ್ ಇರುವವರು ದಯವಿಟ್ಟು ಇಷ್ಟನ್ನು ಮಾಡಿ. ಸದ್ದು ಎಲ್ಲರಿಗೂ ಕೇಳಿಸುತ್ತದೆ ಎಂದು ನಾನು ಹೇಳಲಾರೆ.

ಆ ಸದ್ದಿಗೆ ಕಾರಣ ಹೇಳಿದವರು ಬೇಕಾದಷ್ಟು ಜನ. ಮಳೆ ಕಣೇ ಅದು ಎಂದರು ಯಜಮಾನರು. ಗಾಳಿ ಸಾಲದ ಉರಿ ಹಾಗೆ ಬುಸುಗುಡುತ್ತದೆ ಎಂದ ಫಿಟ್ಟರ್. "ಬೆಳಿಗ್ಗೆ ನೀವೂ ಒಳಗೆ ಹೋಗಿದ್ರಲ್ಲ, ನಿಮ್ಮ ತಲೆಗೂ ಸ್ವಲ್ಪ ಏರಿರಬೇಕು" ಎಂದರು ಡಾಕ್ಟರು. ನಾನು ಬಾಗಿಲಲ್ಲಿ ನಿಂತು ಇಣುಕಿದ್ದಷ್ಟೇ. ಮಳೆ ಇರಲಿಲ್ಲ. ಉರಿಯ ಸದ್ದಾದರೆ ಬಾಗಿಲು ತೆಗೆದ ಮೇಲೂ ಇರಬೇಕಿತ್ತು. ಹುಳುಗಳು ಎದ್ದದ್ದು ಮರುದಿನ ಸಂಜೆ. ಸೊಪ್ಪು ಹಾಕಿದ ಮೇಲೆ ಎಂದಿನಂತೆ ಮೇಯ್ದವು, ಗೂಡೂ ಚೆನ್ನಾಗಿಯೇ ಆಯಿತು. ಅವು ಎದ್ದು ಮೇಯುತ್ತಿದ್ದಾಗ ನಡುವೆ ನಿಂತು ಕಣ್ಣು ಮುಚ್ಚಿ ಕೇಳಿದೆ. ಅದೇ ಸದ್ದು, ಒಂದು ಕೂದಲೆಳೆಯೂ ಬೇರೆಯಲ್ಲ. ನಾನು ಅಲ್ಲಿ ನಿಲ್ಲಲಾರದೆ ಹೊರಗೆ ಬಂದೆ.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ನಾಲ್ಕನೆಯ ಜ್ವರ ಬಂದಾಗಲೆಲ್ಲ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಜಗಲಿಗೂ ಹುಳುಮನೆಗೂ ಓಡಾಡುತ್ತಲೇ ಇರುತ್ತೇನೆ, ಬಾಗಿಲಿಗೆ ಕಿವಿ ಕೊಡುತ್ತೇನೆ. ಏನೂ ಕೇಳಿಸುವುದಿಲ್ಲ. ಕೇಳಿಸಬಾರದು ಕೂಡ. ಆದರೂ ಆ ಮೌನದಲ್ಲಿ ನನಗೆ ಸಮಾಧಾನವಿಲ್ಲ. ಹೋದ ಬೆಳೆಯಲ್ಲಿ ಹೀಗೇ ನಿಂತಿದ್ದಾಗ ಮಂಜುಳಾ ಕಾಫಿ ತಂದಳು. ಆ ದಿನದ ಮಾತನ್ನು ಅವಳೇ ಎತ್ತಿದ್ದು ಅದೇ ಮೊದಲು.

"ಅಕ್ಕ, ಅವತ್ತು ನಾನು ಕೂಗಿದ್ದು ಕೇಳಿಸ್ತಾ ನಿನಗೆ?"

"ಕೂಗಿದ್ಯಾ?"

"ಹ್ಞೂಂ. ಕಾಲು ಎತ್ತಕ್ಕೇ ಆಗ್ಲಿಲ್ಲ. ಅಕ್ಕಾ, ಅಕ್ಕಾ ಅಂತ ಕೂಗಿದೆ. ಆಮೇಲೆ ಗೊತ್ತಿಲ್ಲ."

ನನಗೆ ಕೇಳಿಸಿರಲಿಲ್ಲ. ಯಾವ ದೇವರ ಮುಂದೆ ಬೇಕಾದರೂ ಆಣೆ ಮಾಡುತ್ತೇನೆ. ಅವಳಿಗೂ ಹಾಗೆಯೇ ಹೇಳಿದೆ, ಅವಳು ನಂಬಿದಳು, ಲೋಟ ತೆಗೆದುಕೊಂಡು ಒಳಗೆ ಹೋದಳು. ಆದರೆ ಅವತ್ತಿನಿಂದ ಇನ್ನೊಂದು ಯೋಚನೆ ಹತ್ತಿದೆ, ಬಿಡುತ್ತಿಲ್ಲ. ಆ ಮಧ್ಯಾಹ್ನ ಅವಳ ಕೂಗು ಕೇಳಿಸಿದ್ದರೂ ನಾನು ತಕ್ಷಣ ಏಳುತ್ತಿದ್ದೆನೇ? ಬೇಕಾದರೆ ಅವಳೇ ಬರಲಿ, ಇನ್ನೆರಡು ಸಲ ಕೂಗಲಿ ಎಂದು ಅವರೆಕಾಳು ಹಿದುಕುತ್ತಾ ಕೂತಿರುತ್ತಿದ್ದೆ. ನನ್ನನ್ನು ಆ ಜಗಲಿಯಿಂದ ಎಬ್ಬಿಸಿ ಓಡಿಸಬಲ್ಲ ಸದ್ದು ಲೋಕದಲ್ಲಿ ಒಂದೇ ಒಂದಿತ್ತು, ಅವಳನ್ನು ಬೈಯಲು ಕಾರಣ ಕೊಡುವ ಸದ್ದು. ಅದನ್ನು ಮಾಡಿದ್ದು ಏನೋ, ಯಾರೋ, ನನಗೆ ಗೊತ್ತಿಲ್ಲ. ಅದಕ್ಕೆ ಮಾತ್ರ ನಾನು ಎಂಥವಳೆಂದು ಚೆನ್ನಾಗಿ ಗೊತ್ತಿತ್ತು.