ಬಂಗ್ಲೆಗೆ ಬಂದ ಕಳೆ

ನಾರಾವಿಯ ಶಾಲೆಯನ್ನು ನಾಲ್ಕನೇ ಕ್ಲಾಸಿಗೇ ಬಿಟ್ಟವನು ನಾನು. ಆದರೆ ನಾನು ಕೈಯಿಟ್ಟ ಜಾಗದಲ್ಲಿ ಹುಲ್ಲು ಮತ್ತೆ ತಲೆ ಎತ್ತಿದ್ದಿಲ್ಲ. ಹೇಳಿಕೊಳ್ಳಲು ಸಂಕೋಚವಿಲ್ಲ, ಓದಿದವರು ಪಾಸಾದ ಪರೀಕ್ಷೆಯನ್ನು ಹೇಳಿಕೊಳ್ಳುವುದಿಲ್ಲವೇ?

ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿ ಒಂದೆರಡು ವರ್ಷವಾಗಿತ್ತು. ಬೆಳ್ತಂಗಡಿ ಕಡೆಯ ಒಂದು ಸರಕಾರಿ ಬಂಗ್ಲೆಯ ಎದುರು ಹೂವಿನ ಗಿಡ ನೆಡಲು ನನ್ನನ್ನು ದಿನಗೂಲಿಗೆ ತೆಗೆದುಕೊಂಡರು. ಮೊದಲ ಮಳೆ ಬಿದ್ದ ಕೂಡಲೇ ದಾಸವಾಳ, ಕೇಪಳ, ನಂದಿಬಟ್ಟಲು ಎಲ್ಲ ಸೇರಿ ನಲವತ್ತು ಗಿಡ ನೆಟ್ಟೆ. ಇಂಜಿನಿಯರು ನೋಡಿ ಒಪ್ಪಿದರೆ ನಾನು ಅಲ್ಲಿನ ಕಾಯಂ ಮಾಲಿ. ಒಪ್ಪದಿದ್ದರೆ ಪುನಃ ಗುಡ್ಡೆಯಿಂದ ಸೊಪ್ಪು ಹೊರುವ ಕೆಲಸ.

ಜಡಿಮಳೆಯ ಆಟಿ ತಿಂಗಳ ನಡುವೆ ಬಂದ ಒಂದು ಬಿಸಿಲಿಗೆ ಇಂಜಿನಿಯರು ಬಂದರು. ಮೈಸೂರು ಕಡೆಯವರು. ನಾನು ಬೆಳಗಿನಿಂದ ಪ್ರತಿ ಗಿಡದ ಬುಡದಲ್ಲಿ ಕೂತು ಗರಿಕೆ, ನಾಚಿಕೆಮುಳ್ಳು ಎಲ್ಲವನ್ನೂ ಬೇರುಸಮೇತ ಕಿತ್ತಿದ್ದೆ. ಗಿಡಗಳ ನಡುವಿನ ಹುಲ್ಲನ್ನು ಮಾತ್ರ ಕತ್ತಿಯಲ್ಲಿ ಸವರಿ ಬಿಟ್ಟಿದ್ದೆ. ಅವರು ಜಗಲಿಯಲ್ಲಿ ನಿಂತು ಸುತ್ತ ಕಣ್ಣು ಹಾಯಿಸಿದರು.

"ಈಗ ಬಂಗ್ಲೆಗೆ ಕಳೆ ಬಂತು ಕಣಯ್ಯಾ."

ನಾನು ಬಗ್ಗಿ ಹತ್ತಿರದ ಗಿಡದ ಬುಡ ನೋಡಿದೆ. "ಎಲ್ಲಿ ಸ್ವಾಮಿ?"

"ಎಲ್ಲಿ ಅಂದ್ರೆ? ಎಲ್ಲಾ ಕಡೆನೂ. ಬೆಳೀತಾ ಬೆಳೀತಾ ಇನ್ನೂ ಬರುತ್ತೆ. ಬರೋ ತಿಂಗಳು ನೋಡಿ ನಿನ್ನ ವಿಷಯ ಬರೀತೀನಿ."

ನಗುತ್ತ ಜೀಪು ಹತ್ತಿದರು. ನಗುತ್ತ ಬಯ್ಯುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅಂದೇ ಹಾರೆ ಹಿಡಿದೆ. ಬುಡದ್ದು, ನಡುವಿನದ್ದು, ಹಸಿರೆಂಬ ಹಸಿರನ್ನೆಲ್ಲ ಕೆತ್ತಿ ಎಸೆದೆ. ಎರಡು ದಿನದಲ್ಲಿ ಅಂಗಳ ಹಜಾಮನ ಕೈಯಿಂದ ಎದ್ದುಬಂದ ತಲೆಯ ಹಾಗಾಯಿತು. ಮೂರನೆಯ ದಿನ ಮಳೆ ಹೊಡೆಯಿತು. ಹಿಡಿದುಕೊಳ್ಳಲು ಹುಲ್ಲಿಲ್ಲದ ಕೆಂಪು ಮಣ್ಣು ತೋಡಿಗೆ ಇಳಿಯಿತು. ಗಿಡಗಳ ಬೇರು ಹೊರಗೆ ಕಂಡು, ಹತ್ತಾರು ದಾಸವಾಳ ಕುಡಿದವರಂತೆ ಒಂದಕ್ಕೊಂದು ಒರಗಿದವು.

ಬಂಗ್ಲೆಯ ಬಟ್ಲರ್ ವಿಟ್ಲದವನು, ಬಿಳಿ ದೊರೆಗಳಿಗೂ ಅಡುಗೆ ಮಾಡಿ ಹಾಕಿದ ಮುದುಕ. ನನ್ನ ಅವಸ್ಥೆ ನೋಡಿ ಅಡುಗೆಕೋಣೆಯ ಬಾಗಿಲಿಗೆ ಬಂದ.

"ನೀನು ಹುಲ್ಲು ತೆಗೆದದ್ದೋ, ಗದ್ದೆ ಉತ್ತದ್ದೋ?"

"ಕಳೆ ಉಂಟು ಅಂದ್ರಲ್ಲ ಅಣ್ಣಾ, ಅವರು."

"ಮಣ್ಣು ಏರಿಸಿ ತರಗೆಲೆ ಮುಚ್ಚು ಮಾರಾಯ. ಬೆಳಕು ಸಿಕ್ಕದಿದ್ರೆ ಹುಲ್ಲು ಎಲ್ಲಿಂದ ಹುಟ್ತದೆ?"

"ಮುಚ್ಚಿಡುವುದು ಸೋಮಾರಿಗಳ ಕೆಲಸ."

"ಆಯ್ತು. ಹಾಗಾದ್ರೆ ಸೊಪ್ಪು ಹೊರ್ಲಿಕ್ಕೆ ಹೋಗು."

ಆ ಮಾತು ತಾಗಿತು. ಹಲಸಿನ ಮರದಡಿಯಿಂದ ಬುಟ್ಟಿಗಟ್ಟಲೆ ತರಗೆಲೆ ಹೊತ್ತು ತಂದೆ. ಗಿಡಗಳನ್ನು ನೆಟ್ಟಗೆ ನಿಲ್ಲಿಸಿ, ಬುಡಕ್ಕೆ ಮಣ್ಣು ಕೊಟ್ಟು, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಟ್ಟು ಸುತ್ತಲೂ ಒಂದು ಗೇಣು ದಪ್ಪಕ್ಕೆ ಹಾಸಿದೆ. ನಡುವಿನ ಜಾಗಕ್ಕೂ ಹರಡಿದೆ. ಬಟ್ಲರನ ಮಾತು ಕೇಳಿ ಮಾಡಿದೆನೆಂದು ಆಗ ಒಪ್ಪಿಕೊಳ್ಳಲಿಲ್ಲ. ಈಗ ಒಪ್ಪುತ್ತೇನೆ, ಅವನು ಕೇಳಿಸಿಕೊಳ್ಳಲು ಇಲ್ಲ.

ಆಟಿ ಕಳೆದು ಸೋಣ ತಿಂಗಳಲ್ಲಿ ಇಂಜಿನಿಯರು ಪುನಃ ಬಂದರು. ಒದ್ದೆ ತರಗೆಲೆಯ ರಾಶಿ ನೋಡಿ ಅವರ ಮುಖ ಸಣ್ಣದಾಯಿತು.

"ಏನಯ್ಯಾ ಇದು? ಕಳೆನೇ ಹೋಯ್ತಲ್ಲ."

ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕೈಮುಗಿದು ಹೇಳಿದೆ, "ಪೂರಾ ಹೋಯ್ತು ಸ್ವಾಮಿ. ಒಂದು ಉಳೀಲಿಕ್ಕೆ ಬಿಡ್ಲಿಲ್ಲ."

"ಬೇಕಂತಲೇ ತೆಗೆದೆಯಾ?"

"ಮತ್ತೆ? ಎರಡು ದಿನ ಊಟ ಬಿಟ್ಟು ತೆಗೆದದ್ದು. ನೀವು ಬರ್ತಾ ಇರಿ ಸ್ವಾಮಿ, ನಾನಿರುವವರೆಗೆ ಈ ಬಂಗ್ಲೆಗೆ ಕಳೆ ಬರ್ಲಿಕ್ಕೆ ಬಿಡುವುದಿಲ್ಲ."

ಇಂಜಿನಿಯರು ಬಟ್ಲರನ ಕಡೆ ನೋಡಿದರು. ಚಹಾದ ತಟ್ಟೆ ಹಿಡಿದು ನಿಂತ ಅವನ ಹೆಗಲು ಕುಲುಕುತ್ತಿತ್ತು. "ಸ್ವಾಮಿ, ಇವ ಹುಲ್ಲಿನ ಕಳೆ ಅಂತ ತಿಳ್ಕೊಂಡಿದ್ದಾನೆ. ನೀವು ಹೇಳಿದ್ದು ಚಂದದ ಕಳೆ."

ಮುಖಕ್ಕೆ ಕಳೆ ಬರುವುದು ನನಗೂ ಗೊತ್ತಿತ್ತು. ಬಂಗ್ಲೆಗೂ ಬರುತ್ತದೆಂದು ನಾಲ್ಕನೇ ಕ್ಲಾಸಿನವರೆಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇಂಜಿನಿಯರು ನಗಲಿಲ್ಲ. ಕೆಳಗಿಳಿದು ಕೊಡೆಯ ತುದಿಯಿಂದ ತರಗೆಲೆ ಸರಿಸಿದರು. ಒಳಗೆ ಮಣ್ಣು ಕಪ್ಪಗೆ ತಂಪಾಗಿತ್ತು. ಹುಲ್ಲಿನ ಒಂದು ಎಸಳೂ ಇರಲಿಲ್ಲ. ಒರಗಿದ್ದ ದಾಸವಾಳಗಳಲ್ಲೂ ಚಿಗುರಿತ್ತು. ಇನ್ನೆರಡು ಗಿಡದ ಬುಡ ನೋಡಿದರು, ಆಮೇಲೆ ನನ್ನ ಉಗುರು ನೋಡಿದರು.

"ಚಂದದ ಕಳೆ ಹೂ ಬಿಟ್ಟಾಗ ಬರುತ್ತೆ ಬಿಡು," ಎಂದು ಜಗಲಿಯಲ್ಲೇ ಕೂತು ನನ್ನನ್ನು ಕಾಯಂ ಮಾಡುವ ಕಾಗದ ಬರೆದರು.

ಜೀಪು ಹೋದ ಮೇಲೆ ಬಟ್ಲರ್ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಈಗ ನಿನ್ನ ಮುಖಕ್ಕೆ ಕಳೆ ಬಂತು ಮಾರಾಯ."

"ಯಾವ ಕಳೆ?" ಜಾಗ್ರತೆಯಿಂದ ಕೇಳಿದೆ.

"ಎರಡೂ. ಗಡ್ಡ ತೆಗಿ."